ಆಲೂಗೆಡ್ಡೆಯ ಬೆಳೆಗೆ ಗೊಬ್ಬರ ಎಷ್ಟು?

(ಟಿಟ್ವಾಳಾದಲ್ಲಿ ನಡೆದ ಕನ್ನಡ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡು ನುಡಿಗಳ ವಿಷಯವಾಗಿ ಮಾತನಾಡಲು ನನಗಿಂತ ಬಲ್ಲವರು ಈ ಸಭೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ನಾನು ಬ್ಯಾಂಕಿನಲ್ಲಿ ಗುಮಾಸ್ತ, ಓದಿದ್ದು ಬಿ.ಕಾಂ.; ಬಲ್ಲದ್ದು ಜಮಾ ಖರ್ಚು. "ನಿಮಗೆ ತಿಳಿದದ್ದನ್ನೇ ಹೇಳಿ, ಸಾಕು" ಎಂದು ಕಾರ್ಯದರ್ಶಿಗಳು ಒತ್ತಾಯ ಮಾಡಿದ್ದರಿಂದ, ಆಲೂಗೆಡ್ಡೆಯ ಬೆಳೆಗೆ ಗೊಬ್ಬರ ಎಷ್ಟು ಹಾಕಬೇಕು, ಹಾಕಿದ್ದರಿಂದ ಬೆಳೆ ಹೇಗಾಗುತ್ತದೆ, ಕೊನೆಗೆ ರೈತನ ಕೈಯಲ್ಲಿ ಉಳಿಯುವುದೆಷ್ಟು ಎಂಬ ವಿಷಯವನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಲು ನಿಂತಿದ್ದೇನೆ.

ಇದೇನು, ಹಬ್ಬದ ದಿನ ಗೊಬ್ಬರದ ಮಾತೇ ಎಂದು ತಾವು ನಗಬಹುದು. ಆದರೆ ಒಂದು ಮಾತನ್ನು ಯೋಚಿಸಿ. ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಈಗಲೂ ಎರಡೆಕರೆಯೋ ಮೂರೆಕರೆಯೋ ಜಮೀನಿದೆ. ಅಣ್ಣನೋ ತಮ್ಮನೋ ಅದನ್ನು ನೋಡಿಕೊಳ್ಳುತ್ತಾನೆ. ಮುಂಗಾರು ಸಮೀಪಿಸಿದಾಗ ಊರಿನಿಂದ ಫೋನು ಬರುತ್ತದೆ. ಬೀಜಕ್ಕೆ ಇಷ್ಟು, ಗೊಬ್ಬರಕ್ಕೆ ಇಷ್ಟು ಎಂದು. ನಾವು ಸಂಬಳದಲ್ಲಿ ಉಳಿಸಿದ್ದನ್ನು ಕಳಿಸುತ್ತೇವೆ. ಕಳಿಸಿದ ಹಣ ಹೊಲದಲ್ಲಿ ಏನು ಮಾಡಿತು ಎಂದು ಕೇಳುವವರು ಎಷ್ಟು ಮಂದಿ? ನಾನಂತೂ ಬಹಳ ವರ್ಷ ಕೇಳಲಿಲ್ಲ. ಅದರ ಫಲವನ್ನು ಅನುಭವಿಸಿದ ಮೇಲೆಯೇ ಈ ಲೆಕ್ಕವನ್ನು ಕಲಿತೆ.

ನಮ್ಮ ಊರು ಹಾಸನ ಜಿಲ್ಲೆ. ಧಾರವಾಡ ಬೆಳಗಾವಿಗಳ ಕಡೆಯವರು ಬಟಾಟಿ ಎನ್ನುವುದನ್ನು ನಾವು ಆಲೂಗೆಡ್ಡೆ ಎನ್ನುತ್ತೇವೆ. ಈ ಬೆಳೆಗೆ ಕರ್ನಾಟಕದಲ್ಲಿ ಹಾಸನ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳು ಹೆಸರಾದವು. ಬೆಳಗಾವಿ ಧಾರವಾಡಗಳಲ್ಲಿಯೂ ಬೆಳೆಯುತ್ತಾರೆ. ನಮ್ಮಲ್ಲಿ ಇದು ಮುಂಗಾರಿನ ಮಳೆಯಾಶ್ರಯದ ಬೆಳೆ. ಮೇ ತಿಂಗಳಲ್ಲಿ ಪಂಜಾಬಿನ ಜಲಂಧರದಿಂದ ಬಿತ್ತನೆಗೆಡ್ಡೆಯ ಲಾರಿಗಳು ಹಾಸನದ ಮಾರುಕಟ್ಟೆಗೆ ಬರುತ್ತವೆ. ಹೆಚ್ಚಾಗಿ ನೆಡುವ ತಳಿ ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ್ದು. ನೆಟ್ಟ ಮೂರು ಮೂರೂಕಾಲು ತಿಂಗಳಿಗೆ ಬೆಳೆ ಕೈಗೆ ಬರುತ್ತದೆ. ಇಷ್ಟು ಅಲ್ಪಕಾಲದಲ್ಲಿ ಇಷ್ಟು ತೂಕದ ಆಹಾರವನ್ನು ಕೊಡುವ ಬೆಳೆಗಳು ಕಡಿಮೆ. ಆದ್ದರಿಂದಲೇ ಅದರ ಹಸಿವೂ ಹೆಚ್ಚು. ಬೇರು ಆಳಕ್ಕೆ ಹೋಗುವುದಿಲ್ಲ. ಮೇಲುಮಣ್ಣಿನಲ್ಲಿ ಸಿಕ್ಕಿದ್ದನ್ನು ತಿಂದೇ ಬೆಳೆಯಬೇಕು. ಗೊಬ್ಬರವಿಲ್ಲದೆ ಆಲೂಗೆಡ್ಡೆ ಬೆಳೆಯುತ್ತೇನೆಂದು ಹೊರಟವನಿಗೆ ಬಿತ್ತನೆಯ ಖರ್ಚೂ ಹುಟ್ಟುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಾನು ರಸಗೊಬ್ಬರದ ವೈರಿಯೆಂದು ಯಾರೂ ಭಾವಿಸಬಾರದು.

ಈಗ ನನ್ನ ಕಥೆ. ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ರಾತ್ರಿ ಅಣ್ಣ ಫೋನು ಮಾಡಿದ. "ಈ ಸಲ ಮೂರೆಕರೆಗೂ ಹಾಕಿದೀನಿ ಕಣೋ. ಗಿಡ ಇನ್ನೂ ಮೇಲೆ ಏಳಬೇಕು. ಇನ್ನೊಂದು ಸುತ್ತು ಯೂರಿಯಾ ಬೇಕು, ಅಂಗಡಿಯವನ ಹಳೆ ಬಾಕೀನೂ ಇದೆ" ಎಂದ. ಮಗಳ ಶಾಲೆಯ ಶುಲ್ಕಕ್ಕೆಂದು ಇಟ್ಟಿದ್ದ ಹದಿನೈದು ಸಾವಿರ ರೂಪಾಯಿಯನ್ನು ಮಾರನೆಯ ದಿನವೇ ಕಳಿಸಿದೆ. ಊರು ಬಿಟ್ಟು ಬಂದವನಿಗೆ ಒಂದು ಅಳುಕು ಇರುತ್ತದೆ; ಹೊಲದ ಕೆಲಸಕ್ಕೆ ಕೈ ಕೊಡಲಾರದವನು ಹಣವನ್ನಾದರೂ ಕೊಡೋಣ ಎಂದು. ನಾನು ಕಳಿಸಿದ್ದು ಆ ಅಳುಕಿನಿಂದಲೇ ಹೊರತು ಲೆಕ್ಕದಿಂದಲ್ಲ. ನನ್ನ ಹೆಂಡತಿ ಒಂದೇ ಮಾತು ಕೇಳಿದಳು: "ಬ್ಯಾಂಕಿನಲ್ಲಿ ಬೇರೆಯವರಿಗೆ ಸಾಲ ಕೊಡುವಾಗ ಏನಕ್ಕೆ ಎಂದು ಕೇಳುತ್ತೀರಿ. ಇಲ್ಲಿ ಕೇಳಿದಿರಾ?" ನನ್ನಲ್ಲಿ ಉತ್ತರವಿರಲಿಲ್ಲ.

ಜುಲೈಯಲ್ಲಿ ಅಣ್ಣ ಫೋನಿನಲ್ಲಿ ಚಿತ್ರ ಕಳಿಸಿದ. ಗಿಡ ಮೊಣಕಾಲು ದಾಟಿ ಎದ್ದಿತ್ತು, ಎಲೆ ಕಡುಹಸಿರು, ಸಾಲುಗಳ ನಡುವೆ ಮಣ್ಣೇ ಕಾಣುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರಂತೆ. ಆಮೇಲೆ ಎಂಟು ದಿನ ಬಿಡದೆ ಜಡಿಮಳೆ, ಮೋಡ, ತಂಪು. ಅಂಗಮಾರಿ ರೋಗ ಬಂದಿತು. ದಟ್ಟವಾದ ಎಲೆಯ ಅಡಿಯಲ್ಲಿ ಗಾಳಿಯಾಡಲಿಲ್ಲ. ಹೊಡೆದ ಔಷಧ ಒಳಗೆ ಇಳಿಯಲಿಲ್ಲ. ಕಿತ್ತಾಗ ಸಿಕ್ಕಿದ್ದು ಗೋಲಿಗಿಂತ ಸ್ವಲ್ಪ ದಪ್ಪನೆಯ ಗೆಡ್ಡೆಗಳೇ ಹೆಚ್ಚು. ಪಕ್ಕದ ಹೊಲದವನದೂ ರೋಗಕ್ಕೆ ಸಿಕ್ಕಿತ್ತು, ಆದರೆ ಅವನ ಗೆಡ್ಡೆ ಮೊದಲೇ ಬಲಿತಿತ್ತು. ಅವನಿಗೆ ಹಾಕಿದ ಹಣವಾದರೂ ಬಂದಿತು. ನಮಗೆ ಬರಲಿಲ್ಲ. ರೋಗವನ್ನು ತಂದದ್ದು ಮಳೆ, ನಿಜ. ಆದರೆ ಬಂದ ರೋಗಕ್ಕೆ ಚಪ್ಪರ ಹಾಕಿಕೊಟ್ಟದ್ದು ನಮ್ಮ ಯೂರಿಯಾ.

ಹೀಗೇಕಾಯಿತು? ಆಲೂಗೆಡ್ಡೆ ಬೇರಲ್ಲ, ನೆಲದೊಳಗೆ ಹರಿದ ಕಾಂಡದ ತುದಿ ಉಬ್ಬಿ ಆದದ್ದು. ಮೇಲಿನ ಎಲೆ ಬಿಸಿಲಿನಲ್ಲಿ ಮಾಡಿದ ಆಹಾರವು ಕೆಳಗಿಳಿದು ಅಲ್ಲಿ ಪಿಷ್ಟವಾಗಿ ಕೂಡಬೇಕು. ಸಾರಜನಕ, ಎಂದರೆ ಯೂರಿಯಾದಲ್ಲಿರುವ ಸತ್ತ್ವ, ಎಲೆಯನ್ನು ಬೆಳೆಸುತ್ತದೆ. ಎಲೆ ಬೇಕು, ಎಲೆಯಿಲ್ಲದೆ ಗೆಡ್ಡೆಯಿಲ್ಲ. ಆದರೆ ಸಾರಜನಕ ಮಿತಿ ಮೀರಿದರೆ ಗಿಡ ಮತ್ತೆ ಮತ್ತೆ ಎಲೆಯನ್ನೇ ಮಾಡುತ್ತ ಹೋಗುತ್ತದೆ. ಗೆಡ್ಡೆ ಕಟ್ಟುವ ಕೆಲಸ ತಡವಾಗುತ್ತದೆ. ಕಟ್ಟಿದ ಗೆಡ್ಡೆಯಲ್ಲಿ ನೀರು ಹೆಚ್ಚು, ಹಿಟ್ಟು ಕಡಿಮೆಯಾಗುತ್ತದೆ. ಸಿಪ್ಪೆ ಬಲಿಯದೆ ಸಾಗಿಸುವಾಗ ತರಚುತ್ತದೆ. ಮೂರು ತಿಂಗಳ ಬೆಳೆಯಲ್ಲಿ ಹದಿನೈದು ದಿನದ ತಡವೆಂದರೆ ಸಾಮಾನ್ಯವಲ್ಲ. ರಂಜಕವು ಆರಂಭದಲ್ಲಿ ಬೇರಿಗೆ ಬಲ ಕೊಡುತ್ತದೆ. ಪೊಟ್ಯಾಶ್ ಎಲೆಯ ಆಹಾರವನ್ನು ಗೆಡ್ಡೆಗೆ ಇಳಿಸಲು ನೆರವಾಗುತ್ತದೆ. ಗೆಡ್ಡೆಯ ಗಾತ್ರಕ್ಕೂ ಬಾಳಿಕೆಗೂ ಬೇಕು. ಆಲೂಗೆಡ್ಡೆ ಹೊಲದಿಂದ ಹೊತ್ತು ಹೋಗುವುದರಲ್ಲಿ ಸಾರಜನಕಕ್ಕಿಂತ ಪೊಟ್ಯಾಶೇ ಹೆಚ್ಚು ಎಂಬುದನ್ನು ನಮ್ಮ ಎಷ್ಟೋ ರೈತರು ಅರಿಯರು. ಮರದ ಪೀಪಾಯಿಯಲ್ಲಿ ಒಂದು ಹಲಗೆ ಗಿಡ್ಡವಾಗಿದ್ದರೆ ಉಳಿದ ಹಲಗೆಗಳು ಎಷ್ಟು ಎತ್ತರವಿದ್ದರೂ ನೀರು ನಿಲ್ಲುವುದು ಆ ಗಿಡ್ಡ ಹಲಗೆಯ ಮಟ್ಟಕ್ಕೇ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಲೀಬಿಗ್ ಎಂಬ ರಸಾಯನ ಶಾಸ್ತ್ರಜ್ಞನು ಪ್ರಚಾರಕ್ಕೆ ತಂದ ತತ್ತ್ವವಿದು. ಪೊಟ್ಯಾಶ್ ಕಡಿಮೆಯಿರುವ ಹೊಲಕ್ಕೆ ಯೂರಿಯಾ ಸುರಿಯುವುದು ಎತ್ತರದ ಹಲಗೆಗೇ ಮತ್ತೊಂದು ತುಂಡು ಜೋಡಿಸಿದಂತೆ.

ಹಾಗಾದರೆ ರೈತ ಯೂರಿಯಾವನ್ನೇ ಏಕೆ ಹಾಕುತ್ತಾನೆ? ಅವನಿಗೆ ಬುದ್ಧಿಯಿಲ್ಲವೆಂದಲ್ಲ, ಬೆಲೆ ಹಾಗಿದೆ. 45 ಕಿಲೋ ಯೂರಿಯಾ ಮೂಟೆಗೆ ಸರ್ಕಾರ ಗೊತ್ತುಮಾಡಿದ ಬೆಲೆ 242 ರೂಪಾಯಿ. ಬೇವಿನ ಲೇಪ, ತೆರಿಗೆ ಸೇರಿದರೆ ಇನ್ನಷ್ಟು. ಅದರಲ್ಲಿ ನೂರಕ್ಕೆ 46 ಭಾಗ ಸಾರಜನಕ. ಲೆಕ್ಕ ಹಾಕಿದರೆ ಒಂದು ಕಿಲೋ ಸಾರಜನಕಕ್ಕೆ ಹನ್ನೆರಡು ಹದಿಮೂರು ರೂಪಾಯಿ ಬೀಳುತ್ತದೆ. ಪೊಟ್ಯಾಶಿನ 50 ಕಿಲೋ ಮೂಟೆಯ ಬೆಲೆ ಈಚಿನ ವರ್ಷಗಳಲ್ಲಿ ಒಂದೂವರೆ ಸಾವಿರದ ಆಚೀಚೆ ಇದೆ. ಅದರಲ್ಲಿ ನೂರಕ್ಕೆ 60 ಭಾಗ ಸತ್ತ್ವವೆಂದರೆ ಕಿಲೋಗೆ ಐವತ್ತರ ಸುಮಾರು. 2010ರಲ್ಲಿ ಸರ್ಕಾರ ಇತರ ಗೊಬ್ಬರಗಳಿಗೆ ಸತ್ತ್ವಕ್ಕೆ ತಕ್ಕ ಸಹಾಯಧನವೆಂಬ ಹೊಸ ಪದ್ಧತಿಯನ್ನು ತಂದಿತು. ಯೂರಿಯಾವನ್ನು ಅದರ ಹೊರಗೆ ಇಟ್ಟಿತು. ಅಂದಿನಿಂದ ಈ ಅಂತರ ಬೆಳೆಯಿತು. ಅಗ್ಗದ್ದು ಕೈಗೆ ಸಿಕ್ಕುತ್ತದೆ, ಹಾಕಿದ ನಾಲ್ಕು ದಿನಕ್ಕೆ ಎಲೆ ಹಸಿರಾಗುತ್ತದೆ, ಕಣ್ಣಿಗೆ ತೃಪ್ತಿಯಾಗುತ್ತದೆ. ನೆಲದೊಳಗಿನ ಗೆಡ್ಡೆ ಕಣ್ಣಿಗೆ ಕಾಣುವುದಿಲ್ಲವಲ್ಲ!

ಇನ್ನು ನನ್ನ ಶಾಸ್ತ್ರಕ್ಕೆ ಬರುತ್ತೇನೆ. ಬಿ.ಕಾಂ. ತರಗತಿಯಲ್ಲಿ ಇಳಿಮುಖ ಪ್ರತಿಫಲದ ನಿಯಮವೆಂದು ಒಂದು ಪಾಠವಿತ್ತು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ತುರ್ಗೋ ಎಂಬಾತ ಬೇಸಾಯವನ್ನು ನೋಡಿಯೇ ಅದನ್ನು ಹೇಳಿದ್ದು. ನಾನು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸು ಮಾಡಿದೆ; ನಮ್ಮ ಹೊಲಕ್ಕೆ ಮಾತ್ರ ಹಚ್ಚಿ ನೋಡಲಿಲ್ಲ. ಈಗ ಹಚ್ಚಿ ನೋಡೋಣ. ಮುಂದೆ ಹೇಳುವ ಅಂಕಿಗಳು ಯಾವ ಪ್ರಯೋಗದವೂ ಅಲ್ಲ, ಲೆಕ್ಕ ತಿಳಿಯಲೆಂದು ನಾನು ಇಟ್ಟುಕೊಂಡವು.

ಒಂದು ಎಕರೆ ಹೊಲ. ಬೀಜ, ಉಳುಮೆ, ಕೂಲಿ, ಔಷಧ ಎಲ್ಲ ಸೇರಿ ಐವತ್ತು ಸಾವಿರ ಖರ್ಚು ಎನ್ನಿ. ಗೊಬ್ಬರವನ್ನು ಪಾಲು ಪಾಲಾಗಿ ಹಾಕುತ್ತೇವೆ. ಒಂದು ಪಾಲಿಗೆ ಸಾಗಾಣಿಕೆ ಕೂಲಿ ಸೇರಿ ನಾಲ್ಕು ಸಾವಿರ. ಮಾರುಕಟ್ಟೆಯ ಖರ್ಚು ಕಳೆದು ಕ್ವಿಂಟಾಲಿಗೆ ಸಾವಿರ ರೂಪಾಯಿ ಕೈಗೆ ಬರುತ್ತದೆ. ಗೊಬ್ಬರವಿಲ್ಲದೆ 40 ಕ್ವಿಂಟಾಲು ಬಂದರೆ ಹತ್ತು ಸಾವಿರ ನಷ್ಟ. ಮೊದಲ ಪಾಲು ಹಾಕಿದರೆ 58 ಕ್ವಿಂಟಾಲು. ನಾಲ್ಕು ಸಾವಿರ ಲಾಭ. ಎರಡನೆಯದಕ್ಕೆ 70, ಲಾಭ ಹನ್ನೆರಡು ಸಾವಿರ. ಮೂರನೆಯದಕ್ಕೆ 77, ಲಾಭ ಹದಿನೈದು ಸಾವಿರ. ನಾಲ್ಕನೆಯದಕ್ಕೆ 80 ಕ್ವಿಂಟಾಲು. ಲಾಭ ಹದಿನಾಲ್ಕು ಸಾವಿರ. ನೋಡಿದಿರಾ? ನಾಲ್ಕನೆಯ ಪಾಲಿಗೆ ಬೆಳೆ ಹೆಚ್ಚಾಯಿತು, ಲಾಭ ಕಡಿಮೆಯಾಯಿತು. ಮೂರು ಸಾವಿರದ ಗೆಡ್ಡೆ ಪಡೆಯಲು ನಾಲ್ಕು ಸಾವಿರ ಕೊಟ್ಟಂತಾಯಿತು. ಅತಿ ಹೆಚ್ಚು ಬೆಳೆ ಬರುವ ಗೊಬ್ಬರವೇ ಬೇರೆ, ಅತಿ ಹೆಚ್ಚು ಹಣ ಉಳಿಯುವ ಗೊಬ್ಬರವೇ ಬೇರೆ. ನಾನು ಇಂದು ಹೇಳಬೇಕೆಂದು ಬಂದ ಮಾತು ಇದೊಂದೇ. ಇಡೀ ಗೊಬ್ಬರದ ಖರ್ಚನ್ನು ಇಡೀ ಬೆಳೆಯ ಹಣದೊಡನೆ ಹೋಲಿಸಿದರೆ ಈ ನಷ್ಟ ಕಾಣುವುದೇ ಇಲ್ಲ. ಕೊನೆಯ ಮೂಟೆ ಕೊನೆಗೆ ಏನು ತಂದಿತು ಎಂದು ಕೇಳಿದಾಗ ಮಾತ್ರ ಕಾಣುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ಬೆಲೆ ಒಂದೂವರೆ ಸಾವಿರವಾದರೆ ನಾಲ್ಕನೆಯ ಪಾಲೂ ಐನೂರು ರೂಪಾಯಿ ಉಳಿಸಿಕೊಡುತ್ತದೆ. ಬೆಲೆ ಐನೂರಕ್ಕೆ ಇಳಿದರೆ ಮೂರನೆಯ ಪಾಲೇ ಐನೂರು ನಷ್ಟ. ಆದರೆ ಗೊಬ್ಬರ ಹಾಕುವುದು ಜೂನಿನಲ್ಲಿ, ಬೆಲೆ ತಿಳಿಯುವುದು ಸೆಪ್ಟೆಂಬರಿನಲ್ಲಿ! ನಾವಿಲ್ಲಿ ವಡಾಪಾವ್ ತಿನ್ನುವಾಗ ಅದರೊಳಗಿನ ಬಟಾಟೆಯ ಬೆಲೆಯನ್ನು ವಾಶಿಯ ಕಾಂದಾ-ಬಟಾಟಾ ಮಾರುಕಟ್ಟೆ ನಿರ್ಧರಿಸುತ್ತದೆ. ಅಲ್ಲಿಗೆ ಉತ್ತರಪ್ರದೇಶದಿಂದಲೂ, ಪುಣೆಯ ಮಂಚರ್ ಕಡೆಯಿಂದಲೂ ಮಾಲು ಬರುತ್ತದೆ. ಶೀತಲಗೃಹದಲ್ಲಿ ಇಟ್ಟಿದ್ದ ಉತ್ತರದ ಆಲೂಗೆಡ್ಡೆ ಒಮ್ಮೆಗೇ ಹೊರಗೆ ಬಂದರೆ ಹಾಸನದ ರೈತನ ಬೆಲೆ ಕುಸಿಯುತ್ತದೆ. ಅವನ ಕೈಯಲ್ಲಿ ಬೆಲೆಯಿಲ್ಲ, ಮಳೆಯಿಲ್ಲ. ಇರುವುದು ಖರ್ಚೊಂದೇ. ಆದ್ದರಿಂದ ಖರ್ಚಿನ ಕೊನೆಯ ತುದಿಯಲ್ಲಿ ಒಂದು ಹೆಜ್ಜೆ ಹಿಂದೆ ನಿಲ್ಲುವುದು ಹೇಡಿತನವಲ್ಲ, ವಿವೇಕ.

ಹಾಗಾದರೆ ಎಷ್ಟು ಹಾಕಬೇಕು? ಕರ್ನಾಟಕದಲ್ಲಿ ಆಲೂಗೆಡ್ಡೆಗೆ ಕೃಷಿ ವಿಜ್ಞಾನಿಗಳು ಸಾಮಾನ್ಯವಾಗಿ ಹೇಳುವ ಪ್ರಮಾಣ ಹೆಕ್ಟೇರಿಗೆ 125:100:125 ಕಿಲೋ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಶ್. ಇದಲ್ಲದೆ ಕೊಟ್ಟಿಗೆ ಗೊಬ್ಬರ ಬೇರೆ. ಎಕರೆಗೆ ಇಳಿಸಿದರೆ 50:40:50. ಇದನ್ನು ಮೂಟೆಯ ಭಾಷೆಗೆ ತರೋಣ. ಟ್ರಾಂಬೆಯ ಕಾರ್ಖಾನೆಯ ಸುಫಲಾ ಗೊಬ್ಬರದ ಮೂಟೆಯ ಮೇಲೆ 15:15:15 ಎಂದು ಬರೆದಿರುವುದನ್ನು ತಾವು ನೋಡಿರಬಹುದು. ಚೆಂಬೂರಿನ ಬಳಿ 1965ರಲ್ಲಿ ಆರಂಭವಾದ ಆ ಕಾರ್ಖಾನೆ ನಮ್ಮ ರೈಲಿನ ದಾರಿಗೆ ದೂರವೇನಲ್ಲ. ನೂರು ಕಿಲೋದಲ್ಲಿ ಆ ಮೂರು ಸತ್ತ್ವಗಳು ಹದಿನೈದು ಹದಿನೈದು ಕಿಲೋ ಇವೆ ಎಂದು ಅದರ ಅರ್ಥ. ಅದೇ ರೀತಿ ಡಿಎಪಿಯಲ್ಲಿ 18 ಭಾಗ ಸಾರಜನಕ, 46 ಭಾಗ ರಂಜಕ. ಆದ್ದರಿಂದ ಒಂದು ಎಕರೆಗೆ ಡಿಎಪಿ 87 ಕಿಲೋ, ಯೂರಿಯಾ 75 ಕಿಲೋ, ಪೊಟ್ಯಾಶ್ 83 ಕಿಲೋ ಸಾಕು. ಯೂರಿಯಾ ಎರಡು ಮೂಟೆಯೂ ಪೂರ್ತಿ ಬೇಡ! ನಮ್ಮಣ್ಣ ಆ ವರ್ಷ ಎಕರೆಗೆ ಐದು ಮೂಟೆ ಹಾಕಿದ್ದ. ಪೊಟ್ಯಾಶನ್ನು ದುಬಾರಿಯೆಂದು ಮುಟ್ಟಿರಲಿಲ್ಲ.

ಈ ಪ್ರಮಾಣವೂ ಎಲ್ಲ ಹೊಲಕ್ಕೂ ಒಂದೇ ಅಲ್ಲ. ಮಣ್ಣಿನಲ್ಲಿ ಆಗಲೇ ಇರುವುದನ್ನು ಕಳೆಯಬೇಕು, ಇಲ್ಲದ್ದನ್ನು ಕೂಡಿಸಬೇಕು. ಅದಕ್ಕೆ ಮಣ್ಣು ಪರೀಕ್ಷೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ಹನ್ನೆರಡು ಅಂಶಗಳನ್ನು ನೋಡಿ ಬರೆದುಕೊಡುತ್ತಾರೆ. ಮಾದರಿ ತೆಗೆಯುವುದು ಕಷ್ಟವಲ್ಲ. ಹೊಲದ ಎಂಟು ಹತ್ತು ಕಡೆ ಒಂದು ಗೇಣಿನಷ್ಟು ಆಳ ಅಗೆದು, ಪಕ್ಕದಿಂದ ತೆಳ್ಳಗೆ ಮಣ್ಣು ಕೆರೆದು, ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಟ್ಟು, ಹೀಗೆಯೇ ಅರ್ಧ ಕಿಲೋಗೆ ತರಬೇಕು. ಮರದ ಕೆಳಗೆ, ತಿಪ್ಪೆಯ ಬಳಿ, ಬದುವಿನ ಅಂಚಿನಲ್ಲಿ ತೆಗೆಯಬಾರದು. ಹಾಸನದವರಿಗೆ ಸೋಮನಹಳ್ಳಿ ಕಾವಲಿನಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. ಸಲಹೆಗೆ ಅಲ್ಲಿಗೆ ಹೋಗಬಹುದು.

ಗೊಬ್ಬರವನ್ನು ಯಾವಾಗ ಹಾಕಬೇಕೆಂಬುದೂ ಎಷ್ಟು ಹಾಕಬೇಕೆಂಬುದರಷ್ಟೇ ಮುಖ್ಯ. ಡಿಎಪಿ, ಪೊಟ್ಯಾಶ್, ಅರ್ಧ ಸಾರಜನಕ ಇವು ನಾಟಿಯ ಹೊತ್ತಿಗೆ, ಬಿತ್ತನೆಗೆಡ್ಡೆಗೆ ತಾಗದಂತೆ. ಉಳಿದ ಅರ್ಧ ಸಾರಜನಕ ಸುಮಾರು ಒಂದು ತಿಂಗಳಿಗೆ, ಮಣ್ಣೇರಿಸುವಾಗ. ಇದರಲ್ಲಿ ನನ್ನಂಥ ಲೆಕ್ಕದವನಿಗೆ ಒಂದು ಅನುಕೂಲ ಕಾಣುತ್ತದೆ. ಒಂದು ತಿಂಗಳಲ್ಲಿ ಮೊಳಕೆ ಎಷ್ಟು ಬಂದಿದೆ, ಮಳೆ ಹೇಗಿದೆ ಎಂಬುದು ಗೊತ್ತಾಗುತ್ತದೆ. ಅರ್ಧ ಹೊಲ ಮೊಳೆಯದಿದ್ದರೆ ಎರಡನೆಯ ಕಂತನ್ನು ಕಡಿಮೆ ಮಾಡಬಹುದು. ಮೂಟೆಯಲ್ಲಿರುವ ಗೊಬ್ಬರ ಇನ್ನೂ ನಮ್ಮ ಹಣ. ಮಣ್ಣಿಗೆ ಬಿದ್ದ ಮೇಲೆ ವಾಪಸು ಬಾರದು.

ನಷ್ಟದ ಮರುವರ್ಷ ನಾನು ರಜೆ ಹಾಕಿ ಮೇ ತಿಂಗಳಲ್ಲಿ ಊರಿಗೆ ಹೋದೆ. ಅಣ್ಣನ ಎದುರಿಗೆ ಕಾಗದ ಹಾಕಿಕೊಂಡು ಕುಳಿತೆ. "ಬಾಂಬೆಯಲ್ಲಿ ಫ್ಯಾನಿನ ಕೆಳಗೆ ಕೂರೋನು ನಂಗೆ ಆರಂಭ ಹೇಳ್ಕೊಡ್ತೀಯಾ?" ಎಂದು ಅವನು ಸಿಡುಕಿದ. ನ್ಯಾಯವೇ. ನಾನು ಆರಂಭ ಹೇಳಿಕೊಡಲು ಬಂದಿಲ್ಲಣ್ಣ, ಲೆಕ್ಕ ಬರೆಯಲು ಬಂದಿದ್ದೇನೆ ಎಂದೆ. ಅತ್ತಿಗೆ ಒಳಗಿನಿಂದ, "ಬರೀಲಿ ಬಿಡಿ, ಇಷ್ಟು ವರ್ಷ ಬರೀದೆ ಇದ್ದದ್ದಕ್ಕೆ ಏನು ಉಳೀತು?" ಎಂದರು. ಅಣ್ಣ ಸುಮ್ಮನಾದ. ಆ ವರ್ಷ ಒಂದೇ ಎಕರೆಗೆ ಆಲೂಗೆಡ್ಡೆ ಹಾಕಿ ಉಳಿದದ್ದಕ್ಕೆ ಮುಸುಕಿನ ಜೋಳ ಹಾಕಿದೆವು. ಮಣ್ಣು ಪರೀಕ್ಷೆ ಮಾಡಿಸಿದೆವು. ಅವನ ಮನಸ್ಸಮಾಧಾನಕ್ಕೆಂದು ಹತ್ತು ಗುಂಟೆಗೆ ಮಾತ್ರ ಅವನಿಗೆ ಬೇಕಾದಷ್ಟು ಯೂರಿಯಾ ಹಾಕಲು ಬಿಟ್ಟು, ಅದರ ಪಕ್ಕದ ಹತ್ತು ಗುಂಟೆಗೆ ಚೀಟಿಯಂತೆ ಹಾಕಿದೆವು. ಕಿತ್ತಾಗ ಎರಡನ್ನೂ ಬೇರೆ ಬೇರೆ ತೂಗಿದ. ಚೀಟಿಯ ಹೊಲದಲ್ಲಿ ಎರಡು ಚೀಲ ಹೆಚ್ಚು, ದಪ್ಪ ಗೆಡ್ಡೆಯೂ ಹೆಚ್ಚು. ಇದು ಒಂದು ವರ್ಷದ, ಒಂದು ಹೊಲದ ಅನುಭವ, ಶಾಸ್ತ್ರವೆಂದು ಹೇಳಲಾರೆ. ಆದರೆ ಅಂದು ಸಾಯಂಕಾಲ ಫೋನು ಮಾಡಿದ ಅಣ್ಣ ಹಣ ಕೇಳಲಿಲ್ಲ, ಲೆಕ್ಕ ಓದಿ ಹೇಳಿದ. ನನಗೆ ಅದೇ ದೊಡ್ಡ ಲಾಭವಾಗಿ ಕಂಡಿತು.

ಬಂಧುಗಳೆ, ನನ್ನ ಪ್ರಾರ್ಥನೆ ಇಷ್ಟೇ. ಊರಿಗೆ ಹಣ ಕಳಿಸುವುದನ್ನು ನಿಲ್ಲಿಸಬೇಡಿ. ಆದರೆ ಆ ಹಣದಲ್ಲಿ ಮೊದಲ ಪಾಲು ಮಣ್ಣು ಪರೀಕ್ಷೆಗೂ ಒಳ್ಳೆಯ ಬೀಜಕ್ಕೂ ಹೋಗಲಿ. ಎರಡನೆಯದು ಕೊಟ್ಟಿಗೆ ಗೊಬ್ಬರಕ್ಕೆ ಮತ್ತು ಚೀಟಿ ಹೇಳಿದ ಗೊಬ್ಬರಕ್ಕೆ. ಕೊನೆಯ ಮೂಟೆಗೆ ಹಣ ಕೇಳಿದರೆ, ಅದು ಏನು ತರುತ್ತದೆ ಎಂದು ಪ್ರೀತಿಯಿಂದ ಕೇಳಿ. ಸಾಲದಂಗಡಿಯಲ್ಲಿ ಬಾಕಿ ಬೆಳೆಸುವ ಬದಲು ಕಿಸಾನ್ ಕ್ರೆಡಿಟ್ ಕಾರ್ಡ್ ಮಾಡಿಸಿಕೊಡಿ. ಅರ್ಜಿ ತುಂಬಲು ಬಾರದವರಿಗೆ ಈ ಸಂಘದಲ್ಲಿ ನಾನು ಭಾನುವಾರಗಳಂದು ಕುಳಿತು ತುಂಬಿಕೊಡುತ್ತೇನೆ. ಜೊತೆಗೆ ಒಂದು ನೋಟುಪುಸ್ತಕ ಕಳಿಸಿ. ಹಣ ಕಳಿಸಿದವನಿಗೆ ಲೆಕ್ಕ ಕೇಳುವ ಹಕ್ಕಿದೆ ಎಂದಲ್ಲ; ಮೈಮುರಿದು ದುಡಿಯುವ ಅಣ್ಣನಿಗೆ ತನ್ನ ದುಡಿಮೆ ಎಲ್ಲಿ ಹೋಯಿತು ಎಂದು ತಿಳಿಯುವ ಹಕ್ಕಿದೆ.

ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಹೇಳಿದ್ದು ಗೊಬ್ಬರಕ್ಕೂ ಸಲ್ಲುತ್ತದೆ. ಬಹುಶಃ ದೀರ್ಘ ಭಾಷಣಕ್ಕೂ ಸಲ್ಲುತ್ತದೆ!